ಗಾಡಿಯ ಎಡಮಗ್ಗಲು

ಮೊನ್ನೆ ಸಾಸಿವೆ ಡಬ್ಬಿಯ ಹಿಂದೆ ಕೈ ಹಾಕಿದರೆ ಒಂದು ತುಂಡು ವಾಟರ್ ಪೇಪರ್ ಸಿಕ್ಕಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೀರಲ್ಲಿ ನೆನೆಸಿ ಗಾಡಿಯ ಮೈ ತಿಕ್ಕುವ ಕಪ್ಪು ಕಾಗದ ಅದು. ಒಂದು ಕಡೆ ನುಣುಪು, ಇನ್ನೊಂದು ಕಡೆ ಬೆಕ್ಕಿನ ನಾಲಿಗೆ. ಅಡುಗೆ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ಕೇಳಬೇಡಿ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಅದು ಎಲ್ಲ ಕಡೆ ಇತ್ತು. ದೇವರ ಜಗಲಿಯ ಮೇಲೆ, ದಿಂಬಿನ ಕೆಳಗೆ, ನನ್ನ ಎಲೆಅಡಿಕೆ ಚೀಲದೊಳಗೆ. ಹಲ್ಲು ಬಿದ್ದ ಮುದುಕಿ ಮುಂಜಾನೆ ಎದ್ದು ಬಕೆಟ್ ಇಟ್ಟುಕೊಂಡು ಕಾರಿನ ಮೈ ತಿಕ್ಕುತ್ತ ಕೂತರೆ ಓಣಿಯವರು ನಗುತ್ತಿದ್ದರು. ನಗಲಿ. ಅವರ ಗಾಡಿಗಳ ಮೈ ನೋಡಿದರೆ ನನಗೂ ನಗು ಬರುತ್ತಿತ್ತು.

ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವುದಕ್ಕಿಂತ ರೊಟ್ಟಿ ಬಡಿಯುವುದು ನನಗೆ ಸಲೀಸು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮವರು ಹಾವೇರಿಯಲ್ಲಿ ಸರ್ಕಾರಿ ಕಚೇರಿಯೊಂದರ ಜೀಪಿನ ಡ್ರೈವರ್ ಆಗಿದ್ದರು. ನೌಕರಿ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಜೀಪಿಗೆ ಒಂದು ಗೀರು ಬಿದ್ದಿರಲಿಲ್ಲ. ಸಾಹೇಬರು ಬದಲಾದರು, ಜೀಪು ಬದಲಾಯಿತು, ಗೀರು ಮಾತ್ರ ಬೀಳಲಿಲ್ಲ. ನಿವೃತ್ತಿಯ ದಿನ ಸಾಹೇಬರು ಭಾಷಣದಲ್ಲಿ ಅದನ್ನೇ ಹೇಳಿ ಏಲಕ್ಕಿ ಮಾಲೆ ಹಾಕಿದರು. ನಮ್ಮೂರಲ್ಲಿ ಮಂತ್ರಿ ಬಂದರೆ, ಸ್ವಾಮಿಗಳು ಬಂದರೆ ಏಲಕ್ಕಿ ಮಾಲೆ. ಡ್ರೈವರನ ಕೊರಳಿಗೆ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮಾಲೆ ಈಗಲೂ ನಮ್ಮ ಕಾರಿನ ಕನ್ನಡಿಗೆ ಜೋತುಬಿದ್ದಿದೆ. ವಾಸನೆ ಹೋಗಿ ಎಷ್ಟೋ ವರ್ಷ ಆಯಿತು. ಒಮ್ಮೆ ಬೀಗರು ಬಂದಾಗ ಚಹಕ್ಕೆ ಏಲಕ್ಕಿ ಇಲ್ಲವೆಂದು ಅದರಿಂದ ನಾಲ್ಕು ಕಾಳು ಕಿತ್ತೆ. ಬೀಗರು ಹೋಗುವವರೆಗೆ ಇವರು ಸುಮ್ಮನಿದ್ದು, ಆಮೇಲೆ ಇಡೀ ವಾರ ನನ್ನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟಿದ್ದರಿಂದ ನನಗೇನೂ ತೊಂದರೆ ಆಗಲಿಲ್ಲ. ಆದರೆ ಆ ಮನುಷ್ಯನಿಗೆ ಹೆಮ್ಮೆ ಅನ್ನುವುದು ಎಲ್ಲಿ ತೂಗಿದೆ ಎಂದು ಗೊತ್ತಾಯಿತು. ಹೊಲ ಇಲ್ಲ, ಓದು ಇಲ್ಲ, ಚೆಂದದ ಮಾತಿಲ್ಲ. ಸ್ಟೇರಿಂಗ್ ಒಂದೇ. ಅದು ಕೈಬಿಟ್ಟರೆ ಅವರ ಹತ್ತಿರ ಏನೂ ಉಳಿಯುವುದಿಲ್ಲ.

ನಿವೃತ್ತಿ ಆದ ಮೇಲೆ ಯಾರೋ ಓಡಿಸಿಬಿಟ್ಟ ಬಿಳಿ ಕಾರೊಂದನ್ನು ಕೊಂಡರು. ಗ್ಯಾರೇಜಿನವರ ಕೈಗೆ ಅದನ್ನು ಕೊಟ್ಟದ್ದೇ ಇಲ್ಲ. ಆಯಿಲ್ ಬದಲಿಸುವುದು, ಗಾಳಿ ಸೋಸುವ ಜಾಳಿಗೆಯ ಧೂಳು ಕೊಡವುವುದು, ಬ್ಯಾಟರಿಯ ತಂತಿ ಬಿಚ್ಚಿ ಬಿಸಿನೀರು ಹೊಯ್ದು ಬಿಳಿ ಬೂಷ್ಟು ತೊಳೆಯುವುದು, ಎಲ್ಲ ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೇ. ಪ್ಲಗ್ ತಿಕ್ಕಲು ನನ್ನ ಹಲ್ಲುಜ್ಜುವ ಬ್ರಷ್ಷನ್ನೇ ಒಯ್ದಿದ್ದರು. ಕೇಳಿದ್ದಕ್ಕೆ, 'ನಿನಗ ಹಲ್ಲು ಎಷ್ಟು ಉಳದಾವ?' ಅಂದರು.

ಮೊದಲ ಗೀರು ಬಿದ್ದದ್ದು ಕರ್ಜಗಿಯಿಂದ ಮದುವೆ ಊಟ ಮಾಡಿಕೊಂಡು ಬರುವಾಗ. ಎದುರಿಗೆ ಟ್ರ್ಯಾಕ್ಟರ್ ಬಂತು, ಇವರು ಗಾಡಿಯನ್ನು ಬದಿಗೆ ತಂದರು, ನನ್ನ ಬಾಗಿಲಿಗೆ ಕರ್ ಎಂದು ಸದ್ದು. ಮನೆಗೆ ಬಂದು ನೋಡಿದರೆ ಬಾಗಿಲುದ್ದಕ್ಕೂ ಗೀರು.

'ಜಾಲಿ ಮುಳ್ಳು' ಅಂದರು.

'ಮುಳ್ಳು ನಿಂತಲ್ಲೇ ಇತ್ತು. ನೀವಽ ಹೋಗಿ ತಿಕ್ಕಿಸಿದ್ರಿ.'

'ನೀ ಎಂದ ಗಾಡಿ ಹೊಡದೀಯವಾ? ಬಾಯಿ ಮುಚ್ಚು.'

ಮುಚ್ಚಿದೆ. ರಸ್ತೆಯಲ್ಲಿ ಎಡಕ್ಕೇ ಹೋಗುವವರಿಗೆ ಗೀರು ಎಡಕ್ಕೇ ಬೀಳುತ್ತದೆ. ಅದರಲ್ಲಿ ವಿಶೇಷ ಏನಿದೆ ಎಂದು ನಾನೂ ಅಂದುಕೊಂಡೆ. ಆದರೆ ಅದನ್ನು ಸರಿ ಮಾಡಲು ಕೂತವರು ಸ್ವಲ್ಪ ಹೊತ್ತು ಕೈಯಾಡಿಸಿ, ಗೀರು ತುಂಬುವ ಪುಟ್ಟಿಯ ಡಬ್ಬಿಯನ್ನು ನನ್ನ ಕಡೆ ನೂಕಿದರು. 'ಇದು ಗಿಲಾವಿನ ಕೆಲಸ. ಹೆಣ್ಮಕ್ಕಳ ಕೈಗೆ ಛಲೋ ಬರತೈತಿ. ನೀನಽ ಮಾಡು.'

ಪ್ಲಗ್ ಮುಟ್ಟಗೊಡದ ಮನುಷ್ಯ ಬಾಗಿಲನ್ನು ನನಗೆ ಕೊಟ್ಟದ್ದು ನನಗೆ ಆಶ್ಚರ್ಯವೇ ಆಯಿತು. ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ.

ಗೋಡೆಗೆ ಗಿಲಾವು ಬಳಿಯುವುದು ನನಗೆ ಹೊಸದಲ್ಲ. ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ, ಮಣ್ಣಿನ ಗೋಡೆಯ ಮನೆಯಲ್ಲಿ. ಮಳೆಗಾಲ ಮುಗಿದ ಮೇಲೆ ಗೋಡೆಯ ಬಿರುಕು ಮುಚ್ಚುವುದು ಮನೆಯ ಹುಡುಗಿಯರ ಕೆಲಸ. ಕೆರೆಮಣ್ಣಿಗೆ ಸಗಣಿ ಕಲಸಿ, ಬಿರುಕನ್ನು ಮೊದಲು ಕೆರೆದು ದೊಡ್ಡದು ಮಾಡಬೇಕು. ಬಿರುಕಿನ ಮೇಲೆ ಸುಮ್ಮನೆ ಬಳಿದರೆ ನಮ್ಮವ್ವ ಆ ಮಣ್ಣಿನ ಕೈಯಿಂದಲೇ ಬೆನ್ನಿಗೆ ಬಾರಿಸುತ್ತಿದ್ದಳು. 'ಮ್ಯಾಲ ಮುಚ್ಚಿದ್ರ ಒಳಗಿಂದು ಹೋಗತೈತೇನ? ಕೆರಿ ಮೊದಲ!' ಕಾರಿನ ಪುಟ್ಟಿಗೂ ಅದೇ ರೀತಿ. ಗೀರಿನ ಸುತ್ತ ಬಣ್ಣ ಕೆರೆಯಬೇಕು, ತುಕ್ಕು ಇದ್ದರೆ ತಗಡು ಹೊಳೆಯುವವರೆಗೆ ತಿಕ್ಕಬೇಕು. ಪುಟ್ಟಿಗೆ ಪುಟ್ಟ ಟ್ಯೂಬಿನಿಂದ ಗಟ್ಟಿಯಾಗುವ ಮದ್ದನ್ನು ಸೇರಿಸಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಜಾಸ್ತಿ ಆದರೂ ಕೆಟ್ಟಿತು, ಕಡಿಮೆ ಆದರೂ ಕೆಟ್ಟಿತು. ನಾನು ಮೊದಲ ಸಲ ಮದ್ದು ಜಾಸ್ತಿ ಹಾಕಿ, ಬಾಗಿಲಿಗೆ ಹಚ್ಚುವಷ್ಟರಲ್ಲಿ ಅದು ಬಟ್ಟಲಲ್ಲೇ ಕಲ್ಲಾಯಿತು. ಬಟ್ಟಲು ನನ್ನ ಮದುವೆಯದು. ಅದರಲ್ಲಿ ಆ ಕಲ್ಲು ಈಗಲೂ ಕೂತಿದೆ. ಕೋಳಿಗೆ ನೀರಿಡಲು ಆಗುತ್ತದೆ.

ಬಣ್ಣ ರಾಣೆಬೆನ್ನೂರಲ್ಲಿ ಕಲಸಿಕೊಡುತ್ತಾರೆ ಎಂದು ಯಾರೋ ಹೇಳಿದರು. ಕಾರು ತಗೊಂಡು ಹೋಗೋಣ ಎಂದರೆ ಇವರು ಒಪ್ಪಲಿಲ್ಲ. ಗೀರು ಬಿದ್ದ ಗಾಡಿಯನ್ನು ಹೈವೇಯಲ್ಲಿ ನಾಲ್ಕು ಜನ ನೋಡಬೇಕೇ! ಅದಕ್ಕೆ ಪೆಟ್ರೋಲ್ ಹಾಕುವ ಕಡೆಯ ಮುಚ್ಚಳವನ್ನು ಬಿಚ್ಚಿ ಕೊಟ್ಟರು. ಸೀರೆಗೆ ಕುಪ್ಪಸದ ಖಣ ಹೊಂದಿಸಲು ಸೆರಗು ತಗೊಂಡು ಹೋಗುತ್ತೇವಲ್ಲ, ಹಾಗೆ ನಾನು ಮುಚ್ಚಳವನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಬಣ್ಣದ ಅಂಗಡಿಯವನು ಕೇಳಿದ:

'ಯಾವ ಬಿಳಿ ಬೇಕಬೇ ಅಮ್ಮ?'

'ಬಿಳಿ ಅಂದ್ರ ಬಿಳಿ. ಅದರಾಗ ಯಾವುದು ಅಂತ ಏನ ಐತಿ?'

ಅವನು ಒಂದು ಪಟ್ಟಿ ಬಿಚ್ಚಿ ತೋರಿಸಿದ. ನೋಡಿದರೆ ಖರೇನೇ. ಸುಣ್ಣದ ಬಿಳಿ ಬೇರೆ, ಮೊಸರಿನ ಬಿಳಿ ಬೇರೆ, ಜೋಳದ ಹಿಟ್ಟಿನ ಬಿಳಿ ಬೇರೆ. ನಮ್ಮ ಮುಚ್ಚಳ ಯಾವುದಕ್ಕೂ ಕೂಡಲಿಲ್ಲ.

'ಇದು ಬಿಸಲಾಗ ನಿಂತು ನಿಂತು ಹಳೇ ಧೋತರ ಆಗೇತಿ ನೋಡವಾ. ಹೊಸಾ ಬಿಳಿ ಹಚ್ಚಿದ್ರ ತ್ಯಾಪಿ ಹಾಕಿದಂಗ ಕಾಣತೈತಿ. ಚೂರು ಹಳದಿ ಬಿಡೂನಾ?'

'ಬಿಡಪಾ. ನಮಗೂ ಅಷ್ಟಽ ವಯಸ್ಸಾಗೇತಿ.'

ಮುಚ್ಚಳದ ಮೇಲೆ ಇಟ್ಟ ಹನಿ ಒಣಗಿ ಕಾಣದಂತಾಗುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಮನೆಗೆ ಬಂದು ಹಚ್ಚಿದೆ. ಒಣಗಿದ ಮೇಲೆ ವಾಟರ್ ಪೇಪರಿನಿಂದ ಅಂಚನ್ನು ತಿಕ್ಕಿದೆ. ಇವರು ಬಂದು ಬೆರಳಿಂದ ಸವರಿ, 'ಹೂಂ' ಅಂದರು. ಸರ್ಕಾರಿ ಜೀಪಿಗೂ ಅವರು ಅಷ್ಟೇ ಹೇಳುತ್ತಿದ್ದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಅಗಡಿ ಹಳ್ಳಿಗೆ ಹೋಗಿ ಬಂದರೆ ಹಿಂದಿನ ಬಾಗಿಲಿಗೆ ಒಂದು. ಸಂತೆಗೆ ಹೋಗಿ ಬಂದರೆ ಬಂಪರಿನ ಮೂಲೆಗೆ ಒಂದು. ಒಂದು ಒಣಗುವುದರೊಳಗೆ ಇನ್ನೊಂದು. ಎಲ್ಲ ನನ್ನ ಮಗ್ಗಲಿಗೆ, ಎಡಕ್ಕೆ. ಜಾಲಿ ಮುಳ್ಳಿನ ಮಾತು ಮುಗಿದ ಮೇಲೆ ಇವರು ಓಣಿಯವರ ಮೇಲೆ ಬಂದರು. ಪಕ್ಕದ ಮನೆಯ ಬಸಮ್ಮನಿಗೆ ಒಂದು ಎಮ್ಮೆ ಇದೆ. ಅದರ ಕೋಡು ತಾಗಿ ಗೀರು ಬಿದ್ದಿದೆ ಎಂದು ಅವಳ ಬಾಗಿಲಿಗೇ ಹೋಗಿ ನಿಂತರು.

'ಎಮ್ಮಿ ಕಟ್ಟಿ ಹಾಕಬೇಕವಾ ಬಸಮ್ಮ. ಗಾಡಿ ಮೈ ಎಲ್ಲಾ ಕೆರದೈತಿ ನೋಡು.'

ಬಸಮ್ಮ ಬಂದು ಗೀರನ್ನು ನೋಡಿದಳು, ಎಮ್ಮೆಯನ್ನು ನೋಡಿದಳು, ಮತ್ತೆ ಗೀರನ್ನು ನೋಡಿದಳು. 'ಅಣ್ಣಾರ, ಗೀರು ಮೊಣಕಾಲಿನ ಮಟ ಐತಿ. ನನ್ನ ಎಮ್ಮಿ ಏನ ಅಂಬೆಗಾಲಿಟ್ಟು ಬಂದಿತ್ತೇನ್ರಿ?'

ಓಣಿ ನಕ್ಕಿತು. ನಾನೂ ನಕ್ಕೆ. ಇವರು ಮಾತ್ರ ನಗಲಿಲ್ಲ. ಅಂದಿನಿಂದ ಬಸಮ್ಮನ ಮನೆಯ ಹಾಲು ಬಂದ್.

ಅದೇ ದಿನಗಳಲ್ಲಿ ಊಟಕ್ಕೆ ಕೂತಾಗ ಹೊಸದೊಂದು ತಂಟೆ ಶುರುವಾಗಿತ್ತು. 'ಇವತ್ತ ಚಟ್ನಿ ಮಾಡಿಲ್ಲೇನು?' ಅನ್ನುವರು. ತಟ್ಟೆಯಲ್ಲೇ ಇರುತ್ತಿತ್ತು. 'ಕಣ್ಣಿಗೆ ಏನಾಗೇತ್ರಿ, ಅಲ್ಲೇ ಐತಲ್ಲ' ಎಂದು ನಾನು ರೇಗಿದರೆ ಹುಡುಕಿ ತಿನ್ನುವರು. ಮರುದಿನ, 'ಉಪ್ಪು ಹಾಕಿಲ್ಲ' ಅನ್ನುವರು. ಮುದುಕರಿಗೆ ಹೆಂಡತಿಯ ಅಡುಗೆಯಲ್ಲಿ ತಪ್ಪು ಹುಡುಕುವುದು ಒಂದು ಉದ್ಯೋಗ. ನಾನು ಹಾಗೇ ತಿಳಿದೆ.

ಕಾರದ ಪುಡಿಗೆ ಮೆಣಸಿನಕಾಯಿ ಬೇಕಿತ್ತು. ನಾನು ಹಾವೇರಿಯಲ್ಲಿ ಕೊಳ್ಳುವುದಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವಳು ಮೆಣಸಿನಕಾಯಿಯನ್ನು ಬೇರೆ ಊರಲ್ಲಿ ಕೊಂಡರೆ ತವರಿಗೆ ಮರ್ಯಾದೆ ಅಲ್ಲ. ಇಬ್ಬರೂ ಹೊರಟೆವು. ಮೋಟೆಬೆನ್ನೂರು ದಾಟಿ ಒಳಗೆ ತಿರುಗಿದ ಕೂಡಲೇ ಗಾಳಿಯಲ್ಲಿ ಘಾಟು. ನನಗೆ ಆ ಘಾಟು ಬಂದರೆ ಚಿಕ್ಕವಳಾದ ಹಾಗೆ ಅನಿಸುತ್ತದೆ. ಚಿಕ್ಕಂದಿನಲ್ಲಿ ಸುಖ ಇತ್ತು ಎಂದಲ್ಲ. ಕೈ ಉರಿ ಇತ್ತು. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ರಾಶಿಯ ಸುತ್ತ ಕೂತು ತುಂಬು ಬಿಡಿಸುವುದು, ಅಂದರೆ ತೊಟ್ಟು ಮುರಿಯುವುದು, ನನ್ನ ಕೆಲಸ. ದಿನವಿಡೀ ಕಾಲು ಚಾಚಿ ಕೂತು ತೊಟ್ಟು ಮುರಿದರೆ ಸಂಜೆಗೆ ಬೆರಳು ಬೆಂಕಿ. ಮಜ್ಜಿಗೆಯಲ್ಲಿ ಕೈ ಅದ್ದಿಟ್ಟುಕೊಂಡು, ಆ ಮಜ್ಜಿಗೆಯನ್ನು ಚೆಲ್ಲಲು ಮನಸ್ಸಾಗದೆ ಅವ್ವಂದಿರಿಗೆ ಕಾಣದ ಹಾಗೆ ಕುಡಿದ ಹುಡುಗಿಯರೂ ಇದ್ದರು. ಅವರಲ್ಲಿ ನಾನೂ ಒಬ್ಬಳು. ನಾಲಿಗೆ ಉರಿಯಿತು, ಹೊಟ್ಟೆ ತುಂಬಿತು.

ಮಾರ್ಕೆಟ್ಟಿನ ಅಂಗಳದಲ್ಲಿ ಅಂದು ಎಲ್ಲಿ ನೋಡಿದರೂ ಕೆಂಪು. ರಾಶಿಗಳ ನಡುವೆ ಗಾಡಿ ಹೋಗಲು ದಾರಿ ಬಿಟ್ಟಿದ್ದರು. ಇವರು ಮೆಲ್ಲಗೇ ಹೋಗುತ್ತಿದ್ದರು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಎಡಗಡೆಯ ರಾಶಿ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. 'ರೀ' ಅನ್ನುವುದರೊಳಗೆ ಗಾಲಿ ರಾಶಿಯ ಮೇಲೆ ಹತ್ತಿತು. ಕಾಲು ಚಾಚಿ ಕೂತಿದ್ದ ಹೆಂಗಸೊಬ್ಬಳು ಚೀರಿ ಕಾಲನ್ನು ಎದೆಗೆ ಎಳೆದುಕೊಂಡಳು. ಅವಳ ಕಾಲು ಇದ್ದ ಜಾಗದಲ್ಲಿ ನಮ್ಮ ಗಾಲಿ ನಿಂತಿತು.

'ಕಣ್ಣೇನ ಮನ್ಯಾಗ ಬಿಟ್ಟು ಬಂದೀಯೇನೋ ಮುದುಕಾ!'

ಇವರು ಬಲಗಡೆಗೆ ತಿರುಗಿ ನೋಡಿದರು. 'ಯಾರ ಒದರಾಕತ್ತಾರ?'

ಅವಳು ಇದ್ದದ್ದು ಎಡಕ್ಕೆ. ಇಷ್ಟೆತ್ತರ ಕೆಂಪು ರಾಶಿ, ಅದರ ಮುಂದೆ ಹಸಿರು ಸೀರೆಯ ಹೆಂಗಸು, ಇವರಿಗೆ ಕಂಡಿರಲಿಲ್ಲ. ಗಾಬರಿಯಲ್ಲಿ ಗಾಡಿಯನ್ನು ಹಿಂದಕ್ಕೆ ತಂದರು. ಹಿಂದೆ ಎಡಕ್ಕೆ ಒಂದು ಕಲ್ಲಿನ ಕಂಬ ಇತ್ತು. ಅದಕ್ಕೂ ತಿಕ್ಕಿತು. ಜನ ಸೇರಿದರು, ಬೈದರು. ನಾನು ಇಳಿದು ಆ ಹೆಂಗಸಿನ ಕಾಲನ್ನು ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ. ಬೆರಳ ತುಂಬ ಮೆಣಸಿನ ಬಣ್ಣ. ಅವಳು ನನ್ನ ಕೈಯನ್ನು ಝಾಡಿಸಿದಳು.

'ಮುಟ್ಟಬ್ಯಾಡ. ಅವನ ಚಾವಿ ಕಸಗೋ ಮೊದಲ.'

ಪುಡಿಯಾದ ರಾಶಿಗೆ ದುಡ್ಡು ಕೊಟ್ಟು ನ್ಯಾಯ ಮುಗಿಸಿ ಹೊರಟೆವು. ಪುಡಿಯೆಲ್ಲ ಗಾಡಿಯ ಗಾಳಿ ಬರುವ ತೂತಿನೊಳಗೆ ಹೋಗಿತ್ತು. ಹಾವೇರಿ ಬರುವವರೆಗೆ ಇಬ್ಬರೂ ಸೀನಿದೆವು, ಕೆಮ್ಮಿದೆವು, ಕಣ್ಣು ಒರೆಸಿಕೊಂಡೆವು. ಘಾಟಿಗೋ ಯಾತಕ್ಕೋ, ಕೇಳಲು ಹೋಗಲಿಲ್ಲ. ಕೊಳ್ಳಲು ಹೋದ ಮೆಣಸಿನಕಾಯಿ ಕೊಳ್ಳಲೇ ಇಲ್ಲ.

ಸಂಜೆ ರೊಟ್ಟಿ ಬಡಿದೆ. ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಎಡಗಡೆಗೆ ಉಪ್ಪು, ಶೇಂಗಾ ಚಟ್ನಿ. ನಮ್ಮ ಕಡೆ ಉಪ್ಪು ಚಟ್ನಿ ಬಡಿಸುವುದು ಎಡಕ್ಕೇ. ನನ್ನ ಅತ್ತೆ ಹಾಗೆ ಬಡಿಸಿದಳು, ಅವಳ ಅತ್ತೆ ಹಾಗೆ ಬಡಿಸಿದಳು, ಬಲಕ್ಕೆ ಬಡಿಸಿದರೆ ಸೌಟಿನಿಂದ ಕೈಗೆ ಬೀಳುತ್ತಿತ್ತು. ಇವರು ಕೂತರು. ತಟ್ಟೆ ನೋಡಿದರು.

'ಇವತ್ತೂ ಚಟ್ನಿ ಇಲ್ಲ.'

ಹಸಿರು ಸೀರೆಯವಳೂ ಇವರ ಎಡಕ್ಕೇ ಇದ್ದಳು. ನಾನು ತಟ್ಟೆಯ ಅಂಚಿಗೆ ಬೆರಳಿಟ್ಟು ಅದನ್ನು ತಿರುಗಿಸಿದೆ. ಚಟ್ನಿ ಬಲಕ್ಕೆ ಬಂತು.

'ಈಗ ಹಾಕಿದ್ಯಾ?' ಅಂದರು.

ಮತ್ತೆ ತಿರುಗಿಸಿದೆ. ಚಟ್ನಿ ಎಡಕ್ಕೆ ಹೋಯಿತು. ಅವರ ಕೈ ರೊಟ್ಟಿಯ ಮೇಲೆ ನಿಂತಿತು. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಹೊರಗೆ ಬಸಮ್ಮನ ಎಮ್ಮೆ ಕೂಗಿತು.

'ಇನ್ನೊಮ್ಮೆ ತಿರುಗಸು' ಅಂದರು.

ತಿರುಗಿಸಿದೆ.

'ಇನ್ನೊಮ್ಮೆ.'

ರೊಟ್ಟಿ ಆರಿ ಗಟ್ಟಿಯಾಯಿತು. ಯಾರೂ ಉಣ್ಣಲಿಲ್ಲ.

ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ತಲೆಯ ಚಿತ್ರ ತೆಗೆಸಿದರು. ಡಾಕ್ಟರ್ ಹೆಣ್ಣುಮಗಳು, ಸಣ್ಣ ವಯಸ್ಸು, ಮಾತು ಮೆತ್ತಗೆ. 'ಅಜ್ಜಾರ, ಕಣ್ಣು ಛಲೋ ಅದಾವ. ತಲಿಯೊಳಗ ಒಂದು ಸಣ್ಣ ನರದಾಗ ರಕ್ತ ನಿಂತು, ಎಡಕಿನ ನೋಟ ಹೋಗೇತಿ. ನಿಮಗ ಗೊತ್ತಽ ಆಗಿಲ್ಲ.' ಹಿಂದೊಮ್ಮೆ ತಲೆನೋವೆಂದು ಮಲಗಿದವರಿಗೆ ನಾನು ಶುಂಠಿ ತೇಯ್ದು ಹಚ್ಚಿದ್ದನ್ನು ಹೇಳಿದೆ. ಆವಾಗಲೇ ಇರಬೇಕು ಅಂದಳು.

'ತುಂಬಿ ಬರತೈತೇನವಾ?' ಎಂದು ಕೇಳಿದೆ. ಪುಟ್ಟಿ ತುಂಬಿ ತುಂಬಿ ನನ್ನ ಬಾಯಿಗೆ ಆ ಮಾತೇ ಬಂತು.

'ಇಲ್ರಿ ಅಮ್ಮ. ಹೋದದ್ದು ಹೋತು. ಇನ್ನ ಗಾಡಿ ಮುಟ್ಟೂಹಂಗಿಲ್ಲ.'

ಇವರು ಡಾಕ್ಟರ ಮಾತಿಗೆ ಗೋಣು ಹಾಕಿದರು. ಕಚೇರಿಯಲ್ಲಿ ಸಾಹೇಬರ ಮಾತಿಗೆ ಹಾಕುತ್ತಿದ್ದ ಹಾಗೆ.

ಮರುದಿನ ಮುಂಜಾನೆ ಕಾರಿನ ಹತ್ತಿರ ಸದ್ದು. ಹೋಗಿ ನೋಡಿದರೆ ಇವರು ಬೆರಳಿನ ಗೆಣ್ಣಿನಿಂದ ಗಾಡಿಯ ಮೈಯನ್ನು ಬಡಿಯುತ್ತಿದ್ದರು. ಬಲಗಡೆ ಠಣ್, ಠಣ್. ತಗಡಿನ ಸದ್ದು. ಹಿಂದಿನಿಂದ ಸುತ್ತಿ ಎಡಕ್ಕೆ ಬಂದರು. ಡಬ್. ಡಬ್. ಪುಟ್ಟಿ ತುಂಬಿದ ಕಡೆಯೆಲ್ಲ ಒದ್ದೆ ಗೋಡೆ ಬಡಿದ ಹಾಗೆ. ಮುಂದಿನ ಬಾಗಿಲು, ಹಿಂದಿನ ಬಾಗಿಲು, ಬಂಪರಿನ ಮೇಲಿನ ಮೂಲೆ. ನಡುವೆ ಎಲ್ಲೋ ಒಂದು ಠಣ್, ಮತ್ತೆ ಡಬ್. ಒಂದೊಂದು ಗೀರು ಬಿದ್ದಾಗ ಒಂದೊಂದು ನೆಪ ಸಿಕ್ಕಿತ್ತು. ಅಂದು ಎಲ್ಲವನ್ನೂ ಸಾಲಾಗಿ ಕೇಳಿದರು. ನಾನು ಅಷ್ಟು ನುಣುಪಾಗಿ ತಿಕ್ಕಿದ್ದೆ, ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಕಿವಿಗೆ ಯಾವ ವಾಟರ್ ಪೇಪರ್ ಹಚ್ಚಲಿ?

'ಇಷ್ಟ ಅದಾವೇನು?' ಅಂದರು.

'ಹೂಂ.'

ಆಮೇಲೆ ಕಿಸೆಯಿಂದ ಚಾವಿ ತೆಗೆದರು. 'ಒಂದು ಕೆಲಸ ಮಾಡೂಣು. ನೀ ಎಡಕ್ಕ ಕುಂದ್ರತಿ. ಎಡಗಡೆ ಏನ ಬಂತು ಅಂತ ನೀ ಹೇಳು. ನಾ ಹೊಡೀತೇನಿ. ನಿನ್ನ ಕಣ್ಣು ನನ್ನ ಕೈ. ಯಾರಿಗೂ ಗೊತ್ತಾಗೂದಿಲ್ಲ.'

ಆ ಮನುಷ್ಯ ನನ್ನ ಹತ್ತಿರ ಹೀಗೆ ಏನನ್ನೂ ಕೇಳಿದವರಲ್ಲ. ಮದುವೆಯಾದಾಗಿನಿಂದ ಹೇಳಿದ್ದೇ ಹೊರತು ಕೇಳಿದ್ದಿಲ್ಲ. ಹೂಂ ಅನ್ನುವುದು ಎಷ್ಟು ಸಲೀಸಿತ್ತು! ನನಗೆ ಹಸಿರು ಸೀರೆಯವಳು ಕಾಲನ್ನು ಎದೆಗೆ ಎಳೆದುಕೊಂಡದ್ದು ಕಣ್ಣ ಮುಂದೆ ಬಂತು. ನಾನೂ ಹಾಗೇ ಕಾಲು ಚಾಚಿ ಕೂತವಳು. ಮೊನ್ನೆಯೂ ನಾನು ಎಡಕ್ಕೇ ಕೂತಿದ್ದೆನಲ್ಲ. 'ರೀ' ಅನ್ನುವುದರೊಳಗೆ ಗಾಲಿ ಹತ್ತಿತ್ತು.

'ತಗಡಾದ್ರ ನಾ ತುಂಬತೇನ್ರಿ' ಅಂದೆ. 'ಆಕಿ ಕಾಲು ಹೋಗಿದ್ರ ಏನ ತುಂಬತಿದ್ದೆ? ಕೊಡ್ರಿ ಚಾವಿ.'

'ನಿನಗ ಕರುಳಿಲ್ಲ' ಅಂದರು.

'ಇಲ್ಲ. ಕೊಡ್ರಿ.'

ಕೊಟ್ಟರು. ಕೊಟ್ಟು, 'ದಿನಾ ಮುಂಜಾನೆ ಚಾಲೂ ಮಾಡಿ ಬಿಡಬೇಕು. ಇಲ್ಲಂದ್ರ ಬ್ಯಾಟರಿ ಇಳೀತೈತಿ' ಅಂದರು. ಅದು ಖರೇ ಮಾತು. ಅದಕ್ಕೆ ದಿನಾ ಮುಂಜಾನೆ ಚಾವಿಯನ್ನು ನಾನೇ ಅವರ ಕೈಗೆ ಕೊಡುತ್ತೇನೆ. ಅವರು ಕೂತು ಚಾಲೂ ಮಾಡುತ್ತಾರೆ. ಗಾಡಿ ನಿಂತಲ್ಲೇ ಗುರುಗುಟ್ಟುತ್ತದೆ. ಫ್ಯಾನು ತಿರುಗಿದರೆ ಒಳಗೆ ಉಳಿದ ಬ್ಯಾಡಗಿಯ ಪುಡಿ ಹಾರಿ ಸೀನು ಬರುತ್ತದೆ. ಸೀನಿ ಬಂದ್ ಮಾಡುತ್ತಾರೆ. ಆಮೇಲೆ ಅರಿವೆ ಹಿಂಡಿ ಗಾಡಿ ಒರೆಸುತ್ತಾರೆ. ಬಲಗಡೆ ಲಕಲಕ. ಬಾನೆಟ್ಟಿನ ನಡುವೆ ಬಂದಾಗ ಅರಿವೆ ನಿಂತುಬಿಡುತ್ತದೆ. ಅಲ್ಲಿಂದ ಆಚೆ ಧೂಳು. ಬೈತಲೆ ತೆಗೆದ ಹಾಗೆ ನಡುವೆ ಗೆರೆ. ಅವರು ಒಳಗೆ ಹೋದ ಮೇಲೆ ಉಳಿದರ್ಧವನ್ನು ನಾನು ಒರೆಸುತ್ತೇನೆ. ಚಟ್ನಿಯನ್ನೂ ಈಗ ಬಲಕ್ಕೇ ಬಡಿಸುತ್ತೇನೆ. ಅತ್ತೆ ಇದ್ದಿದ್ದರೆ ಸೌಟಿನ ಏಟು ಬೀಳುತ್ತಿತ್ತು. ಇಲ್ಲ. ಬಸಮ್ಮನ ಹಾಲು ಮತ್ತೆ ಶುರುವಾಗಿದೆ. ಇವರೇ ಹೋಗಿ ಹೇಳಿ ಬಂದರು. ಏನು ಹೇಳಿದರೋ, ಅಂದಿನಿಂದ ಅವಳು ನಮ್ಮ ಗಾಡಿಯ ಬಗ್ಗೆ ತಮಾಷೆ ಮಾಡುವುದಿಲ್ಲ. ಮಾಡಿದ್ದರೇ ಚೆನ್ನಾಗಿತ್ತು.

ಸಿಕ್ಕ ವಾಟರ್ ಪೇಪರನ್ನು ಎಸೆಯಲಿಲ್ಲ. ರೊಟ್ಟಿ ಹಂಚಿನ ಕರಿ ತಿಕ್ಕಲು ಬರುತ್ತದೆ. ಬಣ್ಣವೂ ಸ್ವಲ್ಪ ಉಳಿದಿದೆ, ಪುಟ್ಟಿಯೂ ಇದೆ. ಬ್ಯಾಡಗಿಯ ಕಂಬಕ್ಕೆ ತಿಕ್ಕಿದ ಗೀರು ಹಿಂದಿನ ಬಾಗಿಲಲ್ಲಿ ಹಾಗೇ ಇದೆ. ಅದರೊಳಗೆ ಮೆಣಸಿನ ಕೆಂಪು ಕೂತು, ಮಳೆ ಬಿದ್ದರೂ ಹೋಗಿಲ್ಲ. 'ಅದೊಂದ ಯಾಕ ಬಿಟ್ಟೀಬೇ, ನಿನ್ನ ಕೈಗೆ ಅರ್ಧ ದಿನದ ಕೆಲಸ' ಎಂದು ಬಸಮ್ಮ ಕೇಳುತ್ತಾಳೆ. ಕೈಲಾಗುವುದಿಲ್ಲ ಎಂದು ಹೇಳುತ್ತೇನೆ.

ದಿನಾ ಮುಂಜಾನೆ ತಮ್ಮ ಪಾಲಿನದನ್ನು ಒರೆಸಿ ಆದ ಮೇಲೆ ಇವರು ಚಾವಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಗಾಡಿಯ ಮೈಮೇಲೆ ಕೈಯಿಟ್ಟು ಸುತ್ತ ನಡೆಯುತ್ತಾರೆ. ಎಡಗಡೆ ನನ್ನ ಗಿಲಾವಿನ ಮೇಲೆಲ್ಲ ಕೈ ಜಾರಿಕೊಂಡು ಬರುತ್ತದೆ. ಎಲ್ಲ ನುಣುಪು, ಎಲ್ಲ ಹೊಸದು. ಅಷ್ಟು ಹೊತ್ತು ಅವರ ಮುಷ್ಟಿ ಬಿಗಿ ಇರುತ್ತದೆ. ಆಮೇಲೆ ಬೆರಳು ಬ್ಯಾಡಗಿಯ ಆ ಗೀರಿಗೆ ತಾಗುತ್ತದೆ. ನಿಲ್ಲುತ್ತದೆ. ಕಟ್ಟೆಯ ಮೇಲೆ ಕೂತ ನನ್ನ ಹತ್ತಿರ ಬಂದು ಚಾವಿಯನ್ನು ಕೈಗೆ ಹಾಕಿ ಒಳಗೆ ಹೋಗುತ್ತಾರೆ.